ನಕ್ಷೆಯಲ್ಲಿ ಇಲ್ಲದ ಜಾಗ



ವೆಸ್ಟ್ ಇಂಡೀಸ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಕ್ರಿಕೆಟ್. ಗ್ಯಾರಿ ಸೋಬರ್ಸ್, ಜೋಯೆಲ್ ಗಾರ್ನರ್, ಮಾಲ್ಕಮ್ ಮಾರ್ಷಲ್ ಮುಂತಾದ ಹೆಸರುಗಳನ್ನು ನೀವು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿರಬಹುದು. ಈ ಮೂವರೂ ಒಂದೇ ದ್ವೀಪದವರು. ಅದರ ಹೆಸರು ಬಾರ್ಬಡೋಸ್. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಸುಮಾರು 23 ಕಿಲೋಮೀಟರ್. ವಿಸ್ತೀರ್ಣ 430 ಚದರ ಕಿಲೋಮೀಟರ್. ನಮ್ಮ ಒಂದು ಸಾಧಾರಣ ತಾಲ್ಲೂಕಿಗಿಂತ ಚಿಕ್ಕದು. ಆದರೆ ಸುಮಾರು ಇನ್ನೂರು ವರ್ಷ ಕಾಲ ಈ ಪುಟ್ಟ ದ್ವೀಪ ಇಂಗ್ಲೆಂಡಿಗೆ ಸಕ್ಕರೆಯ ಕಣಜವಾಗಿತ್ತು. ಆ ಸಕ್ಕರೆಯನ್ನು ಬೆಳೆದವರು ಆಫ್ರಿಕದಿಂದ ಹಡಗಿನಲ್ಲಿ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು.

ಇಂದು ನಾನು ನಿಮ್ಮೊಡನೆ ಮಾತಾಡಬೇಕೆಂದಿರುವುದು ಆ ದ್ವೀಪದ ಹಳೆಯ ನಕ್ಷೆಗಳ ಬಗ್ಗೆ. ಒಂದು ಕಬ್ಬಿನ ತೋಟದ ಚರಿತ್ರೆಯನ್ನು ನಕ್ಷೆಗಳ ಮೂಲಕ ಹುಡುಕುವುದು ಹೇಗೆ? ನಕ್ಷೆ ಎಲ್ಲಿಯವರೆಗೆ ನಮ್ಮ ಕೈಹಿಡಿದು ನಡೆಸುತ್ತದೆ? ಎಲ್ಲಿ ಕೈಬಿಡುತ್ತದೆ? ಈ ಪ್ರಶ್ನೆಗಳು ನನಗೆ ಎದುರಾದದ್ದು ಹೀಗೆ.

ನಾನು ವಿಜ್ಞಾನದ ವಿದ್ಯಾರ್ಥಿ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಅಳತೆ ಎಂದರೆ ನನಗೆ ಮೊದಲಿನಿಂದಲೂ ಗೌರವ. ದೂರದರ್ಶನಕ್ಕೆ ಬಂದ ಮೇಲೂ ಆ ಸ್ವಭಾವ ಹೋಗಲಿಲ್ಲ. ಕೆಲವು ಕಾಲದ ಹಿಂದೆ ಸಕ್ಕರೆಯ ಕಥೆ ಹೇಳುವ ಒಂದು ಕಾರ್ಯಕ್ರಮಕ್ಕೆ ಸಿದ್ಧತೆ ನಡೆಸಿದ್ದೆ. ದೊಡ್ಡ ಗ್ರಂಥಾಲಯಗಳು ತಮ್ಮ ಹಳೆಯ ನಕ್ಷೆಗಳನ್ನು ಈಗ ಕಂಪ್ಯೂಟರಿನಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಹಾಗೆ ಸಿಕ್ಕ ಬಾರ್ಬಡೋಸಿನ ಒಂದು ನಕ್ಷೆಯನ್ನು ಎಡಿಟಿಂಗ್ ಕೋಣೆಯ ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಿದ್ದೆ. ಹೊಲ, ಗಾಣ, ರಸ್ತೆ, ತೋಟದೊಡೆಯರ ಹೆಸರು ಎಲ್ಲವೂ ಅಚ್ಚುಕಟ್ಟು. ಕಾರ್ಯಕ್ರಮದ ಶೀರ್ಷಿಕೆಗೆ ಇದೇ ಹಿನ್ನೆಲೆ ಇರಲಿ ಎಂದು ತೀರ್ಮಾನಿಸಿಬಿಟ್ಟೆ.

ಸಂಕಲನಕ್ಕೆ ಕುಳಿತಿದ್ದ ಹುಡುಗಿ ಮಂಡ್ಯದ ಕಡೆಯವಳು. ಆಲೆಮನೆಯ ಹೊಗೆಯಲ್ಲೇ ಬೆಳೆದವಳು. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ ಕೇಳಿದಳು: "ಸಾರ್, ಇಷ್ಟೊಂದು ಗಾಣ ಇದಾವೆ. ಗಾಣಕ್ಕೆ ಕಬ್ಬು ಕೊಡೋರು, ಕೊಪ್ಪರಿಗೆ ಮುಂದೆ ನಿಲ್ಲೋರು ಎಲ್ಲಿ? ಒಂದು ಗುಡಿಸಲೂ ಕಾಣಲ್ವಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನದಿಂದ ನಾನು ನಕ್ಷೆಗಳನ್ನು ಬೇರೆ ಬಗೆಯಲ್ಲಿ ನೋಡಲು ಕಲಿತೆ. ನೋಡಿದ್ದನ್ನು ನಿಮ್ಮ ಮುಂದೆ ಕ್ರಮವಾಗಿ ಇಡುತ್ತೇನೆ.

ಮೊದಲ ನಕ್ಷೆ: ಕಾಡು ಇನ್ನೂ ಇದ್ದಾಗ

ಇಂಗ್ಲಿಷರು ಬಾರ್ಬಡೋಸಿನಲ್ಲಿ ನೆಲೆಯೂರಿದ್ದು 1627ರಲ್ಲಿ. ಇಪ್ಪತ್ತು ವರ್ಷದ ನಂತರ, 1647ರಲ್ಲಿ, ರಿಚರ್ಡ್ ಲಿಗಾನ್ ಎಂಬ ಇಂಗ್ಲಿಷಿನವನು ಅಲ್ಲಿಗೆ ಬಂದ. ಸುಮಾರು ಮೂರು ವರ್ಷ ಇದ್ದು ಊರಿಗೆ ಮರಳಿದ. ಅಲ್ಲಿ ಸಾಲ ತೀರಿಸಲಾಗದೆ ಸೆರೆಮನೆ ಸೇರಿದ. ಸೆರೆಮನೆಯಲ್ಲಿ ಕುಳಿತು ಬಾರ್ಬಡೋಸಿನ ಬಗ್ಗೆ ಬರೆದ ಅವನ ಪುಸ್ತಕ 1657ರಲ್ಲಿ ಅಚ್ಚಾಯಿತು. ಅದರ ಜೊತೆಗೆ ಒಂದು ನಕ್ಷೆಯೂ ಇದೆ.

ಈ ನಕ್ಷೆಯಲ್ಲಿ ಪಶ್ಚಿಮ ಕರಾವಳಿಯ ಉದ್ದಕ್ಕೂ ತೋಟದೊಡೆಯರ ಹೆಸರುಗಳು ಒತ್ತೊತ್ತಾಗಿವೆ. ಒಳನಾಡಿಗೆ ಹೋದಂತೆ ಹೆಸರುಗಳು ವಿರಳವಾಗುತ್ತವೆ. ಖಾಲಿ ಉಳಿದ ಜಾಗದಲ್ಲಿ ಚಿತ್ರಗಳಿವೆ. ಕಾಡುಹಂದಿಗಳಿವೆ. ಒಂಟೆಗಳೂ ಇವೆ! ಸರಕು ಹೊರಲು ಆ ದ್ವೀಪಕ್ಕೆ ನಿಜವಾಗಿಯೂ ಒಂಟೆಗಳನ್ನು ತರಿಸಿದ್ದರು. ಇನ್ನೊಂದು ಚಿತ್ರವನ್ನು ಮಾತ್ರ ಗಮನವಿಟ್ಟು ನೋಡಬೇಕು. ತಪ್ಪಿಸಿಕೊಂಡು ಓಡುತ್ತಿರುವ ಗುಲಾಮರು, ಅವರ ಹಿಂದೆ ಕುದುರೆಯೇರಿದ ಒಬ್ಬ ಬಿಳಿಯ. ಅವನ ಕೈಯಲ್ಲಿ ಬಂದೂಕು.

ಒಂದು ನಕ್ಷೆ ಹೀಗೆ ಎರಡು ಕೆಲಸ ಮಾಡಿದೆ. ಭೂಮಿ ಯಾರ ಕೈಯಲ್ಲಿದೆ ಎಂದು ಹೆಸರು ಬರೆದು ಹೇಳಿದೆ. ಆ ಭೂಮಿಯಿಂದ ಓಡಿಹೋಗಲು ಯತ್ನಿಸಿದವರಿದ್ದರು ಎಂಬುದನ್ನು ಚಿತ್ರ ಬರೆದು ಒಪ್ಪಿಕೊಂಡಿದೆ. ಓಡಿದವರಿಗೆ ಮರೆಯಾಗಲು ಆಗ ಒಳನಾಡಿನಲ್ಲಿ ಇನ್ನೂ ಕಾಡಿತ್ತು.

ಲಿಗಾನ್ ತನ್ನ ಪುಸ್ತಕದಲ್ಲಿ ತಾನು ವಾಸವಿದ್ದ ತೋಟದ ಲೆಕ್ಕ ಕೊಟ್ಟಿದ್ದಾನೆ. ಒಟ್ಟು 500 ಎಕರೆ. ಅದರಲ್ಲಿ ಕಬ್ಬು 200 ಎಕರೆಗೆ ಮೇಲು, ಕಾಡು 120, ಹುಲ್ಲುಗಾವಲು 80. ಉಳಿದದ್ದರಲ್ಲಿ ಜೋಳ, ಗೆಣಸು, ಮರಗೆಣಸು, ಹೊಗೆಸೊಪ್ಪು, ಶುಂಠಿ, ಹತ್ತಿ. ದುಡಿಯುವವರಲ್ಲಿ 96 ಮಂದಿ ಆಫ್ರಿಕದ ಗುಲಾಮರು. ಯೂರೋಪಿನ ಆಳುಗಳು 28. ಈ ತೋಟದ ಅರ್ಧ ಪಾಲನ್ನು ಅವನ ಜೊತೆಗಾರ ಥಾಮಸ್ ಮಾಡಿಫರ್ಡ್ 7,000 ಪೌಂಡಿಗೆ ಕೊಂಡ. ದನಕರು, ಕೊಪ್ಪರಿಗೆ, ಮನುಷ್ಯರು ಎಲ್ಲ ಸೇರಿ ಆ ಬೆಲೆ. ಮನುಷ್ಯರೂ ಸಾಮಾನುಪಟ್ಟಿಯ ಒಂದು ಸಾಲು ಎಂಬುದನ್ನು ನೆನಪಿಡಿ. ಮುಂದೆ ನಮಗೆ ಬೇಕಾಗುತ್ತದೆ.

ಎರಡನೆಯ ನಕ್ಷೆ: ಗಾಣಗಳ ದ್ವೀಪ

ಸುಮಾರು 1675ರ ಹೊತ್ತಿಗೆ ರಿಚರ್ಡ್ ಫೋರ್ಡ್ ಎಂಬ ಮೋಜಣಿದಾರ ಇನ್ನೊಂದು ನಕ್ಷೆ ಮಾಡಿದ. ಪ್ರತಿಯೊಂದು ತೋಟ, ಅದರ ಸದ್ಯದ ಒಡೆಯನ ಹೆಸರು, ಅದರ ಗಾಣ ಎಲ್ಲವನ್ನೂ ತೋರಿಸುತ್ತೇನೆಂದು ಅವನು ನಕ್ಷೆಯ ತಲೆಬರಹದಲ್ಲೇ ಹೇಳಿಕೊಂಡಿದ್ದಾನೆ. ಎಂಟುನೂರಕ್ಕೂ ಹೆಚ್ಚು ತೋಟಗಳು ಇದರಲ್ಲಿವೆ. ಗಾಣಗಳಿಗೆ ಬೇರೆ ಬೇರೆ ಗುರುತುಗಳಿವೆ: ನೀರಿನಿಂದ ತಿರುಗುವುದು, ಗಾಳಿಯಿಂದ ತಿರುಗುವುದು, ದನಗಳು ತಿರುಗಿಸುವುದು.

ಗಾಣಕ್ಕೆ ಇಷ್ಟು ಮಹತ್ವ ಏಕೆ? ಕಬ್ಬು ಬೆಳೆಯುವ ಮನೆಯವರಿಗೆ ಇದು ಗೊತ್ತು. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ರಸ ಹುಳಿಯುತ್ತದೆ, ಸಕ್ಕರೆಯ ಅಂಶ ಇಳಿಯುತ್ತದೆ. ಆದ್ದರಿಂದ ಗಾಣ ದೂರದಲ್ಲಿದ್ದರೆ ಆಗದು. ಪ್ರತಿ ತೋಟಕ್ಕೂ ತನ್ನದೇ ಗಾಣ ಬೇಕು, ಅದೂ ಆದಷ್ಟು ಹೊಲಗಳ ನಡುವೆ. ಗಾಳಿಗಾಣವಾದರೆ ದಿಬ್ಬದ ಮೇಲೆ ಬೇಕು. ಬಾರ್ಬಡೋಸಿನ ಮೇಲೆ ಪೂರ್ವದಿಕ್ಕಿನಿಂದ ವಾಣಿಜ್ಯ ಮಾರುತಗಳು ವರ್ಷದ ಬಹುಭಾಗ ಬೀಸುತ್ತವೆ. ಅದೇ ಆ ಗಾಣಗಳ ಶಕ್ತಿ. ಹೀಗೆ ನಕ್ಷೆಯಲ್ಲಿ ಗಾಣದ ಗುರುತು ಕಂಡರೆ ಅದರ ಸುತ್ತಲಿನ ಹೊಲ, ಕಾಯಿಸುವ ಮನೆ, ಒಡೆಯನ ಬಂಗಲೆ ಎಲ್ಲಿರಬಹುದೆಂದು ಊಹಿಸಬಹುದು. ಸೇಂಟ್ ಆಂಡ್ರ್ಯೂ ಪ್ರಾಂತದ ಮಾರ್ಗನ್ ಲೂಯಿಸ್ ಎಂಬಲ್ಲಿ ಅಂಥ ಒಂದು ಗಾಳಿಗಾಣವನ್ನು ಅಲ್ಲಿನ ಜನ ಕಾಪಾಡಿಕೊಂಡು ಬಂದಿದ್ದಾರೆ.

ಈಗ ಈ ನಕ್ಷೆಯನ್ನು ಲಿಗಾನನ ನಕ್ಷೆಯ ಪಕ್ಕದಲ್ಲಿಡಿ. ಒಳನಾಡಿನ ಖಾಲಿ ಜಾಗ ಏನಾಯಿತು? ಕಾಡುಹಂದಿಗಳ ಕಾಡು ಎಲ್ಲಿ? ಅಲ್ಲೆಲ್ಲ ಈಗ ತೋಟಗಳ ಹೆಸರು. ಮೂರು ನಾಲ್ಕು ದಶಕಗಳಲ್ಲಿ ದ್ವೀಪದ ಕಾಡು ಹೆಚ್ಚುಕಡಿಮೆ ಪೂರ್ತಿ ಬರಿದಾಗಿತ್ತು. ಕಬ್ಬಿಗೆ ನೆಲ ಬೇಕು, ರಸ ಕಾಯಿಸಲು ಸೌದೆ ಬೇಕು. ಕಾಡು ಎರಡಕ್ಕೂ ಬಲಿಯಾಯಿತು. ಓಡಿಹೋದವರು ಅಡಗಲು ಇದ್ದ ಆಸರೆಯೂ ಅದರೊಂದಿಗೇ ಹೋಯಿತು. ಒಂದೇ ನಕ್ಷೆ ನೋಡಿದರೆ ಇದು ತಿಳಿಯುವುದಿಲ್ಲ. ಎರಡನ್ನು ಜೊತೆಗಿಟ್ಟಾಗ ಮಾತ್ರ ತಿಳಿಯುತ್ತದೆ.

ಫೋರ್ಡನ ನಕ್ಷೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅದರಲ್ಲಿ ಕೋಟೆಗಳಿಲ್ಲ, ಚರ್ಚುಗಳೂ ಇಲ್ಲ. ದ್ವೀಪದಲ್ಲಿ ಅವು ಇರಲಿಲ್ಲವೆಂದಲ್ಲ. ಫೋರ್ಡ್ ಕ್ವೇಕರ್ ಪಂಥದವನು. ಆ ಪಂಥದವರಿಗೆ ಯುದ್ಧ ಸಮ್ಮತವಲ್ಲ, ಸರ್ಕಾರಿ ಚರ್ಚಿನ ಅಧಿಕಾರವೂ ಸಮ್ಮತವಲ್ಲ. ಹಾಗಾಗಿ ಅವನು ಎರಡನ್ನೂ ಬಿಟ್ಟುಬಿಟ್ಟ. ಇದರಿಂದ ನಾವು ಕಲಿಯುವ ಪಾಠ ದೊಡ್ಡದು. ನಕ್ಷೆಯಲ್ಲಿ ಒಂದು ವಸ್ತು ಇಲ್ಲವೆಂದರೆ ಅದು ನೆಲದ ಮೇಲೂ ಇರಲಿಲ್ಲವೆಂದು ಅರ್ಥವಲ್ಲ. ಬರೆದವನಿಗೆ ಅದು ಬೇಡವಾಗಿತ್ತು, ಅಥವಾ ಬರೆಸಿದವನಿಗೆ ಬೇಡವಾಗಿತ್ತು ಎಂದೂ ಇರಬಹುದು.

ಮೂರನೆಯ ನಕ್ಷೆ: ಸರಪಳಿಯ ಅಳತೆ

ವಿಲಿಯಂ ಮೇಯೊ ಎಂಬವನು 1717ರಿಂದ 1721ರವರೆಗೆ ಇಡೀ ದ್ವೀಪವನ್ನು ನಿಜವಾಗಿ ಅಳೆದು 1722ರಲ್ಲಿ ನಕ್ಷೆ ಪ್ರಕಟಿಸಿದ. ಹಿಂದಿನವುಗಳಿಗೆ ಹೋಲಿಸಿದರೆ ಇದರ ನಿಖರತೆ ಬಹಳ ಮೇಲು. ಇವನೇ ಮುಂದೆ ಅಮೆರಿಕಕ್ಕೆ ಹೋಗಿ ವರ್ಜೀನಿಯದ ರಿಚ್ಮಂಡ್ ನಗರದ ವಿನ್ಯಾಸವನ್ನು ನೆಲದ ಮೇಲೆ ಗುರುತಿಸಿದವನು.

ಆ ಕಾಲದ ಮೋಜಣಿದಾರರ ಮುಖ್ಯ ಸಾಧನ ಒಂದು ಕಬ್ಬಿಣದ ಸರಪಳಿ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ಅದನ್ನು ರೂಪಿಸಿದ. ಉದ್ದ 66 ಅಡಿ, ಒಟ್ಟು 100 ಕೊಂಡಿ. ಇದರಲ್ಲೊಂದು ಜಾಣ್ಮೆಯಿದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗ 4,356 ಚದರ ಅಡಿ. ಅಂಥ ಹತ್ತು ಸೇರಿದರೆ ಸರಿಯಾಗಿ ಒಂದು ಎಕರೆ, ಅಂದರೆ 43,560 ಚದರ ಅಡಿ. ಹತ್ತರಿಂದ ಭಾಗಿಸಿದರೆ ಲೆಕ್ಕ ಮುಗಿಯಿತು.

ಇದು ಎಲ್ಲಿಯದೋ ದೂರದ ಕಥೆ ಎಂದುಕೊಳ್ಳಬೇಡಿ. ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲದ ಜಾಗ ಎಷ್ಟೆಂದು ಗುಣಿಸಿ ನೋಡಿ. 33 ಅಡಿಯನ್ನು 33 ಅಡಿಯಿಂದ ಗುಣಿಸಿದರೆ 1,089 ಚದರ ಅಡಿ. ಅದೇ ನಮ್ಮ ಒಂದು ಗುಂಟೆ! ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಬಾರ್ಬಡೋಸಿನ ಕಬ್ಬಿನ ಹೊಲಕ್ಕೂ ನಿಮ್ಮ ಮನೆಯ ಪಹಣಿಯಲ್ಲಿರುವ ಜಮೀನಿಗೂ ಅಳತೆಯ ಮೂಲ ಒಂದೇ.

ಇಡೀ ದ್ವೀಪದ ನಕ್ಷೆಗಳಲ್ಲದೆ, ಒಂದೊಂದು ತೋಟಕ್ಕೂ ಬೇರೆಯಾಗಿ ನಕ್ಷೆ ಮಾಡಿಸುವ ರೂಢಿ ಕೆರಿಬಿಯನ್ ದ್ವೀಪಗಳಲ್ಲಿ ಬೆಳೆಯಿತು. ತೋಟ ಮಾರಬೇಕು, ಅಡವಿಡಬೇಕು, ಅಣ್ಣತಮ್ಮಂದಿರು ಹಂಚಿಕೊಳ್ಳಬೇಕು, ನೆರೆಯವನೊಡನೆ ಗಡಿಯ ತಕರಾರು ಬಂತು. ಆಗೆಲ್ಲ ಮೋಜಣಿದಾರನಿಗೆ ಕರೆ ಹೋಗುತ್ತಿತ್ತು. ಅನೇಕ ಒಡೆಯರು ತೋಟದ ಮುಖವನ್ನೇ ನೋಡದೆ ಇಂಗ್ಲೆಂಡಿನಲ್ಲಿ ವಾಸಿಸುತ್ತಿದ್ದರು. ಅವರಿಗೆ ತಮ್ಮ ಆಸ್ತಿಯನ್ನು ಕಣ್ಣಿಗೆ ತಂದುಕೊಳ್ಳಲು ಇದ್ದ ದಾರಿಯೂ ನಕ್ಷೆಯೇ. ಇಂಥ ತೋಟದ ನಕ್ಷೆಯಲ್ಲಿ ಕಬ್ಬಿನ ಪ್ರತಿ ತಾಕಿಗೂ ಹೆಸರು, ವಿಸ್ತೀರ್ಣ ಇರುತ್ತದೆ. ಗುಲಾಮರ ಕೇರಿ ಒಂದು ಮೂಲೆಯಲ್ಲಿ ಸಣ್ಣ ಸಣ್ಣ ಚೌಕಗಳ ಗುಂಪಾಗಿ ಕಂಡರೆ ಕಂಡಿತು.

ಹೊಲದ ಒಂದು ಎಕರೆ ಎಂಬ ಅಂಕಿಯೊಳಗೆ ಎಷ್ಟು ಶ್ರಮ ಅಡಗಿದೆ ಎಂದು ನಾವೇ ಲೆಕ್ಕ ಹಾಕಬಹುದು. ಕಾಡು ಕಡಿದ ಮೇಲೆ ಮಳೆಗೆ ಮಣ್ಣು ಕೊಚ್ಚಿಹೋಗತೊಡಗಿತು. ಅದನ್ನು ತಡೆಯಲು ಹದಿನೆಂಟನೆಯ ಶತಮಾನದ ಆರಂಭದಿಂದ ಬಾರ್ಬಡೋಸಿನಲ್ಲಿ ಚೌಕದ ಗುಂಡಿ ತೋಡಿ ಕಬ್ಬು ನೆಡುವ ಪದ್ಧತಿ ಬಂತು. ನೇಗಿಲಿಲ್ಲ; ಎಲ್ಲ ಗುದ್ದಲಿಯ ಕೆಲಸ. ಒಂದು ಗುಂಡಿಗೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗವೆಂದು ಹಿಡಿಯಿರಿ. 43,560ನ್ನು 16ರಿಂದ ಭಾಗಿಸಿದರೆ ಒಂದು ಎಕರೆಗೆ ಸುಮಾರು 2,720 ಗುಂಡಿ. ಒಬ್ಬರು ದಿನಕ್ಕೆ ನೂರು ಗುಂಡಿ ತೋಡಿದರೂ, ಒಂದೇ ಒಂದು ಎಕರೆಗೆ ಇಪ್ಪತ್ತೇಳು ಜನ ಇಡೀ ದಿನ ಬಿಸಿಲಿನಲ್ಲಿ ಬಗ್ಗಿರಬೇಕು. ಬಾರ್ಬಡೋಸಿನ ಹೊಲದ ತಂಡಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿದ್ದರು ಎಂಬುದನ್ನೂ ಸೇರಿಸಿಕೊಳ್ಳಿ. ನಕ್ಷೆಯ ಮೇಲೆ ಹಸಿರು ಬಣ್ಣ ಬಳಿದ ಒಂದು ಚೌಕ ಎಂದರೆ ಇದು.

ಒಂದು ತೋಟ: ನ್ಯೂಟನ್

ಈಗ ನಮ್ಮ ಕ್ಯಾಮೆರಾವನ್ನು ಇನ್ನೂ ಹತ್ತಿರಕ್ಕೆ ಒಯ್ಯೋಣ. ದ್ವೀಪದ ದಕ್ಷಿಣದಲ್ಲಿ ಕ್ರೈಸ್ಟ್ ಚರ್ಚ್ ಎಂಬ ಪ್ರಾಂತ. ಅಲ್ಲಿ ನ್ಯೂಟನ್ ಎಂಬ ತೋಟ. ಹೆಸರು ಕೇಳಿ ಐಸಾಕ್ ನ್ಯೂಟನ್ ನೆನಪಾದರೆ ತಪ್ಪಿಲ್ಲ, ಆದರೆ ಈ ಹೆಸರು ಬಂದದ್ದು ಹದಿನೇಳನೆಯ ಶತಮಾನದಲ್ಲಿ ತೋಟ ಕಟ್ಟಿದ ಸ್ಯಾಮ್ಯುಯೆಲ್ ನ್ಯೂಟನ್ ಎಂಬವನಿಂದ. ಕಾಲ ಕಳೆದಂತೆ ತೋಟ ಬೇರೆ ಮನೆತನಗಳ ಪಾಲಾಯಿತು. ಹೆಸರು ಮಾತ್ರ ಉಳಿಯಿತು. ನಕ್ಷೆಗಳಲ್ಲಿ ಹೀಗೆ ಸತ್ತ ಒಡೆಯರೂ ಶತಮಾನಗಳ ಕಾಲ ಬದುಕಿರುತ್ತಾರೆ.

ಈ ತೋಟದ ಕಾಗದಪತ್ರಗಳು ಲಂಡನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಉಳಿದಿವೆ. ಅವುಗಳಲ್ಲಿ 1796ರಲ್ಲಿ ಸ್ಯಾಂಪ್ಸನ್ ವುಡ್ ಎಂಬ ವ್ಯವಸ್ಥಾಪಕ ಇಂಗ್ಲೆಂಡಿನ ಒಡೆಯರಿಗೆ ಕಳುಹಿಸಿದ ವರದಿ ಮುಖ್ಯವಾದದ್ದು. ತೋಟದ ಗುಲಾಮರನ್ನು ಅವನು ಪಟ್ಟಿ ಮಾಡಿದ್ದಾನೆ. ಒಡೆಯನ ದೃಷ್ಟಿಯಿಂದ ಅದು ಆಸ್ತಿಯ ಪಟ್ಟಿ. ನಮಗೆ ಅದರಲ್ಲಿ ಸಿಗುವುದು ಹೆಸರುಗಳು. ಓಲ್ಡ್ ಡಾಲ್ ಎಂಬ, ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸು ಮತ್ತು ಆಕೆಯ ಕುಟುಂಬದವರ ವಿಚಾರ ಆ ಪತ್ರಗಳಲ್ಲಿ ಬರುತ್ತದೆ. ಹೊಲದ ಕೆಲಸಕ್ಕೆ ತಮ್ಮ ಮಕ್ಕಳನ್ನು ಹಾಕಬಾರದೆಂದು ಆ ಕುಟುಂಬ ಹಟ ಹಿಡಿದಿತ್ತು. ನಕ್ಷೆಯ ಚೌಕದೊಳಗೆ ಹೀಗೆ ಒಬ್ಬ ತಾಯಿಯ ದನಿ ಕೇಳಿಸತೊಡಗುತ್ತದೆ.

1817ರಿಂದ ಬಾರ್ಬಡೋಸಿನಲ್ಲಿ ಗುಲಾಮರ ನೋಂದಣಿ ಶುರುವಾಯಿತು. ಪ್ರತಿ ತೋಟದವರೂ ಹೆಸರು, ವಯಸ್ಸು, ಹುಟ್ಟಿದ ನಾಡು, ಮಾಡುವ ಕೆಲಸ ಬರೆದು ಕೊಡಬೇಕಾಯಿತು. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದು ಮಾಡಿತು. 1834ರ ಆಗಸ್ಟ್ 1ರಂದು ಕಾನೂನು ಜಾರಿಗೆ ಬಂದಾಗ ಈ ಪುಟ್ಟ ದ್ವೀಪದಲ್ಲಿ ಗುಲಾಮರಾಗಿದ್ದವರು ಸುಮಾರು 83 ಸಾವಿರ. ಆದರೂ ಅವರು ಇನ್ನೂ ನಾಲ್ಕು ವರ್ಷ ಹಳೆಯ ಒಡೆಯರ ಬಳಿಯೇ ದುಡಿಯಬೇಕಾಯಿತು. ನಿಜವಾದ ಬಿಡುಗಡೆ 1838ರಲ್ಲಿ. ಇಡೀ ಸಾಮ್ರಾಜ್ಯಕ್ಕೆ ಸೇರಿ ಬ್ರಿಟಿಷ್ ಸರ್ಕಾರ ಕೊಟ್ಟ ಪರಿಹಾರ ಎರಡು ಕೋಟಿ ಪೌಂಡು. ಯಾರಿಗೆ? ದುಡಿದವರಿಗಲ್ಲ. ಆಸ್ತಿ ಕಳೆದುಕೊಂಡರೆಂದು ಒಡೆಯರಿಗೆ!

ಸತ್ತವರು ಎಲ್ಲಿ?

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸುಮಾರು ಇನ್ನೂರು ವರ್ಷ ನೂರಾರು ತೋಟಗಳಲ್ಲಿ ಜನ ಹುಟ್ಟಿದರು, ದುಡಿದರು, ಸತ್ತರು. ಅವರನ್ನು ಎಲ್ಲಿ ಹೂಳಿದರು? ಗಾಣಕ್ಕೆ ಗುರುತಿದೆ, ದನದ ಹಟ್ಟಿಗೂ ಇದೆ. ಗುಲಾಮರ ಸ್ಮಶಾನವನ್ನು ಗುರುತು ಮಾಡಬೇಕೆಂದು ಒಡೆಯರಿಗಾಗಲಿ ಮೋಜಣಿದಾರರಿಗಾಗಲಿ ಅನ್ನಿಸಲಿಲ್ಲ.

1970ರ ದಶಕದ ಆರಂಭದಲ್ಲಿ ಜೆರೋಮ್ ಹ್ಯಾಂಡ್ಲರ್ ಎಂಬ ಮಾನವಶಾಸ್ತ್ರಜ್ಞ ಮತ್ತು ಫ್ರೆಡರಿಕ್ ಲಾಂಗ್ ಎಂಬ ಪುರಾತತ್ತ್ವಜ್ಞ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಹಲವು ತೋಟಗಳಲ್ಲಿ ನೆಲ ಶೋಧಿಸಿದರು. ಕೊನೆಗೆ ಉತ್ತರ ಸಿಕ್ಕಿದ್ದು ನ್ಯೂಟನ್ ತೋಟದಲ್ಲಿ. ಅಲ್ಲಿ ಒಂದು ಇಳಿಜಾರು ಹುಲ್ಲುಗಾವಲಿದೆ. ಮೇಲ್ಮಣ್ಣು ತೆಳು, ಅಡಿಯಲ್ಲಿ ಕಲ್ಲು. ಕಬ್ಬಿಗೆ ಲಾಯಕ್ಕಿಲ್ಲವೆಂದು ಉಳುಮೆಗೆ ಸಿಗದೆ ಉಳಿದ ಜಾಗ. ಅಲ್ಲಿ ಹುಲ್ಲಿನಡಿ ತಗ್ಗಾದ ಕೆಲವು ಮಣ್ಣಿನ ದಿಬ್ಬಗಳು ಕಂಡವು. ಅಗೆದಾಗ ಮನುಷ್ಯರ ಅಸ್ಥಿಗಳು ಸಿಕ್ಕವು. ಸುಮಾರು 1660ರಿಂದ 1820ರವರೆಗೆ ಅಲ್ಲಿ 570 ಮಂದಿಯಷ್ಟು ಜನರನ್ನು ಹೂಳಿರಬೇಕೆಂದು ಅವರು ಅಂದಾಜು ಮಾಡಿದರು.

ಸ್ವಲ್ಪ ಯೋಚಿಸಿ. ನೆಲ ಬೆಳೆಗೆ ಬಾರದ್ದು ಎಂಬ ಕಾರಣಕ್ಕೇ ಆ ಜಾಗವನ್ನು ಸತ್ತವರಿಗೆ ಬಿಟ್ಟಿದ್ದರು. ಬೆಳೆಗೆ ಬಾರದ್ದು ಎಂಬ ಕಾರಣಕ್ಕೇ ನೇಗಿಲು ಅದನ್ನು ಮುಟ್ಟಲಿಲ್ಲ, ಅವರ ಗುರುತು ಅಳಿಯಲಿಲ್ಲ. ಒಡೆಯನ ಲೆಕ್ಕದಲ್ಲಿ ಏನೂ ಅಲ್ಲದ ನೆಲ ಚರಿತ್ರೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ನೆಲವಾಯಿತು.

ಇಲ್ಲಿಂದ ಮುಂದೆ ವಿಜ್ಞಾನ ಮಾತಾಡಿತು. ಹಲ್ಲಿನ ಮೇಲಿನ ಬಿಳಿಯ ಲೇಪ, ಅಂದರೆ ದಂತಕವಚ, ಬಾಲ್ಯದಲ್ಲಿ ರೂಪುಗೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಮಗು ಹಸಿವಿನಿಂದಲೋ ಕಾಯಿಲೆಯಿಂದಲೋ ನರಳಿದರೆ ಅದರ ಮೇಲೆ ಅಡ್ಡಗೆರೆಗಳು ಮೂಡುತ್ತವೆ. ನ್ಯೂಟನ್ ತೋಟದವರ ಹಲ್ಲುಗಳಲ್ಲಿ ಅಂಥ ಗೆರೆಗಳು ಕಂಡವು. ಮೂಳೆಗಳಲ್ಲಿ ಸೀಸದ ಅಂಶ ವಿಪರೀತವಾಗಿತ್ತು. ರಮ್ ಭಟ್ಟಿ ಇಳಿಸುವ ಸಲಕರಣೆಗಳಲ್ಲಿ ಸೀಸ ಬಳಸುತ್ತಿದ್ದರು. ಆ ರಮ್ಮನ್ನು ಗುಲಾಮರಿಗೂ ಕೊಡುತ್ತಿದ್ದರು. ಸೀಸ ಹಾಗೆ ಅವರ ದೇಹ ಸೇರಿತೆಂದು ಸಂಶೋಧಕರು ವಿವರಿಸಿದ್ದಾರೆ.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 25 ಮಂದಿಯ ಹಲ್ಲುಗಳಲ್ಲಿ ಸ್ಟ್ರಾನ್ಷಿಯಂ ಮತ್ತು ಆಮ್ಲಜನಕದ ಸಮಸ್ಥಾನಿಗಳನ್ನು ಅಳೆಯಿತು. ಬಾಲ್ಯದಲ್ಲಿ ಕುಡಿದ ನೀರು, ತಿಂದ ಆಹಾರ ಎಲ್ಲಿಯದು ಎಂಬುದರ ಸುಳಿವು ಇವುಗಳಿಂದ ದೊರೆಯುತ್ತದೆ. ಹೆಚ್ಚಿನವರು ಬಾರ್ಬಡೋಸಿನಲ್ಲೇ ಹುಟ್ಟಿದವರು, ಏಳು ಮಂದಿ ಆಫ್ರಿಕದಲ್ಲಿ ಹುಟ್ಟಿ ಬೆಳೆದು ಬಂದವರು ಎಂದು ತಿಳಿಯಿತು. ಯಾವ ನಕ್ಷೆಯೂ ತೋರಿಸದ ಪಯಣದ ದಾರಿ ಅವರ ಹಲ್ಲುಗಳಲ್ಲಿತ್ತು.

ಒಂದು ಕೆಂಪು ಮಣಿ

ಅಲ್ಲಿನ ಸಮಾಧಿಗಳಲ್ಲಿ ಒಂದಕ್ಕೆ ಸಂಶೋಧಕರು 72 ಎಂಬ ಸಂಖ್ಯೆ ಕೊಟ್ಟರು. ಹದಿನೇಳನೆಯ ಶತಮಾನದ ಕೊನೆಗೋ ಹದಿನೆಂಟರ ಮೊದಲಿಗೋ ತೀರಿಕೊಂಡ ಒಬ್ಬ ಹಿರಿಯ ವಯಸ್ಸಿನ ಗಂಡಸಿನದು. ಅವನ ಕೈಗೆ ಲೋಹದ ಬಳೆಗಳು. ಜೊತೆಗೆ ಆಫ್ರಿಕದ ಮಾದರಿಯ ಮಣ್ಣಿನ ಚಿಲುಮೆ. ಕೊರಳಿನ ಹಾರದಲ್ಲಿ ಕವಡೆಗಳು, ನಾಯಿಯ ಕೋರೆಹಲ್ಲುಗಳು, ಮೀನಿನ ಬೆನ್ನೆಲುಬಿನ ತುಣುಕುಗಳು, ಗಾಜಿನ ಮಣಿಗಳು ಮತ್ತು ಒಂದು ದೊಡ್ಡ ಕೆಂಪು ಕಲ್ಲಿನ ಮಣಿ. ಇವನು ತನ್ನವರಿಗೆ ಮದ್ದು ಕೊಡುವ, ಕಣಿ ಹೇಳುವ ಹಿರಿಯನಾಗಿದ್ದಿರಬೇಕು ಎಂಬುದು ಹ್ಯಾಂಡ್ಲರ್ ಅವರ ಅಭಿಪ್ರಾಯ. ಗುಲಾಮನಾಗಿ ಸತ್ತವನನ್ನು ಅವನ ಜನ ಗೌರವದಿಂದ ಸಿಂಗರಿಸಿ ಕಳುಹಿಸಿದ್ದರು.

ಆ ಕೆಂಪು ಮಣಿ ಎಲ್ಲಿಯದು ಗೊತ್ತೇ? ಗುಜರಾತಿನ ಖಂಭಾತಿನದು ಎಂದು ಸಂಶೋಧಕರು ಗುರುತಿಸಿದ್ದಾರೆ. ಅಲ್ಲಿನ ಕುಶಲಕರ್ಮಿಗಳು ಅಕೀಕದ ಕಲ್ಲನ್ನು ಕಾಯಿಸುತ್ತಾರೆ. ಅದರೊಳಗಿನ ಕಬ್ಬಿಣದ ಅಂಶ ಬಿಸಿಗೆ ಕೆಂಪಾಗುತ್ತದೆ. ಬಳಿಕ ಅದನ್ನು ತೂತು ಕೊರೆದು ಮಣಿ ಮಾಡುತ್ತಾರೆ. ಶತಮಾನಗಳಿಂದ ಈ ಮಣಿಗಳು ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಆಫ್ರಿಕಕ್ಕೆ ಹೋಗುತ್ತಿದ್ದವು. ನಮ್ಮ ದೇಶದ ಒಬ್ಬ ಹೆಸರಿಲ್ಲದ ಕೆಲಸಗಾರ ಕೊರೆದ ಮಣಿ ಅರಬ್ಬೀ ಸಮುದ್ರ ದಾಟಿ, ಆಫ್ರಿಕ ದಾಟಿ, ಅಟ್ಲಾಂಟಿಕ್ ದಾಟಿ ಬಾರ್ಬಡೋಸಿನ ಮಣ್ಣಿನಲ್ಲಿ ಮತ್ತೊಬ್ಬ ಹೆಸರಿಲ್ಲದ ಕೆಲಸಗಾರನ ಕೊರಳಲ್ಲಿ ಮಲಗಿತ್ತು. ಈ ವಿಷಯ ತಿಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಬಾರ್ಬಡೋಸ್ 2021ರ ನವೆಂಬರ್ 30ರಂದು ಗಣರಾಜ್ಯವಾಯಿತು. ಅದಾದ ಕೆಲವೇ ದಿನಗಳಲ್ಲಿ, ನ್ಯೂಟನ್ ಸ್ಮಶಾನದ ಬಳಿ ಸ್ಮಾರಕವನ್ನೂ ಸಂಶೋಧನಾ ಕೇಂದ್ರವನ್ನೂ ಕಟ್ಟುವುದಾಗಿ ಅಲ್ಲಿನ ಸರ್ಕಾರ ಘೋಷಿಸಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. 2024ರ ಜೂನ್‌ನಲ್ಲಿ ಬಾರ್ಬಡೋಸಿನ ಪತ್ರಾಗಾರದ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು ಹಳೆಯ ದಾಖಲೆಗಳು ಸುಟ್ಟುಹೋದವು. ಕಾಗದ ಶಾಶ್ವತವಲ್ಲ. ಒಂದು ಹಾಳೆ ಸುಟ್ಟಾಗ ಅದರ ಮೇಲಿದ್ದ ಹೆಸರು ಎರಡನೆಯ ಸಲ ಸಾಯುತ್ತದೆ. ಅದಕ್ಕೇ ಹಳೆಯ ಕಾಗದಗಳನ್ನು ಕಾಪಾಡುವುದು, ಪ್ರತಿ ಮಾಡುವುದು, ಓದುವುದು ಕೇವಲ ಪಂಡಿತರ ಕೆಲಸವಲ್ಲ.

ನೀವು ಮಾಡಬಹುದಾದ್ದು

ಮಿತ್ರರೇ, ನಾನು ಕಲಿತದ್ದನ್ನು ಕೆಲವೇ ಮಾತಿನಲ್ಲಿ ಹೇಳುತ್ತೇನೆ. ಯಾವುದೇ ಹಳೆಯ ನಕ್ಷೆ ಕೈಗೆ ಬಂದಾಗ ಮೊದಲು ಕೇಳಿ: ಇದನ್ನು ಬರೆಸಿದವರು ಯಾರು, ಯಾವ ಉದ್ದೇಶಕ್ಕೆ? ಎರಡನೆಯದಾಗಿ, ಅದೇ ಜಾಗದ ಬೇರೆ ಕಾಲದ ನಕ್ಷೆಯನ್ನು ಪಕ್ಕದಲ್ಲಿಟ್ಟು, ಬಂದದ್ದೇನು, ಹೋದದ್ದೇನು ನೋಡಿ. ಮೂರನೆಯದಾಗಿ, ನಕ್ಷೆಯನ್ನು ಒಂಟಿಯಾಗಿ ನಂಬಬೇಡಿ. ಪಟ್ಟಿ, ಪತ್ರ, ಲೆಕ್ಕದ ಪುಸ್ತಕಗಳನ್ನು ಜೊತೆಗಿಡಿ. ಕೊನೆಯದಾಗಿ, ಖಾಲಿ ಬಿಟ್ಟ ಜಾಗವನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿ.

ಅಳತೆಯ ಮೇಲೆ ನನಗಿದ್ದ ಗೌರವ ಇದರಿಂದ ಕಡಿಮೆಯಾಗಿಲ್ಲ. ಮೇಯೊನ ಸರಪಳಿಯೂ ಅಳತೆಯೇ, ಹಲ್ಲಿನೊಳಗಿನ ಸ್ಟ್ರಾನ್ಷಿಯಂ ಲೆಕ್ಕವೂ ಅಳತೆಯೇ. ವ್ಯತ್ಯಾಸವಿರುವುದು ಕೇಳಿದ ಪ್ರಶ್ನೆಯಲ್ಲಿ. ಒಬ್ಬರು ಕೇಳಿದ್ದು ಈ ನೆಲ ಎಷ್ಟು, ಯಾರದು ಎಂದು. ಇನ್ನೊಬ್ಬರು ಕೇಳಿದ್ದು ಈ ಮನುಷ್ಯ ಯಾರು, ಎಲ್ಲಿಂದ ಬಂದ ಎಂದು.

ನಮ್ಮ ಕಾರ್ಯಕ್ರಮದ ಶೀರ್ಷಿಕೆಗೆ ಕೊನೆಗೂ ಅದೇ ನಕ್ಷೆಯನ್ನು ಬಳಸಿದೆವು. ಆದರೆ ಕ್ಯಾಮೆರಾ ಗಾಣಗಳನ್ನೂ ಒಡೆಯರ ಹೆಸರುಗಳನ್ನೂ ದಾಟಿ, ಏನೂ ಬರೆಯದ ಒಂದು ಬಿಳಿಯ ಜಾಗಕ್ಕೆ ಬಂದು ನಿಲ್ಲುವಂತೆ ಮಾಡಿದೆವು. ಎಲ್ಲಿ ನಿಲ್ಲಬೇಕೆಂದು ಆರಿಸಿದವಳು ಆ ಮಂಡ್ಯದ ಹುಡುಗಿಯೇ.

ಈ ರಜೆಯಲ್ಲಿ ನಿಮ್ಮ ಊರಿನ ಗ್ರಾಮನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಸರ್ವೆ ನಂಬರುಗಳಿರುತ್ತವೆ, ಎಕರೆ ಗುಂಟೆಗಳಿರುತ್ತವೆ. ನಕ್ಷೆಯನ್ನು ಹಿಡಿದುಕೊಂಡು ಊರಿನ ಅತಿ ಹಿರಿಯ ಅಜ್ಜಿಯ ಬಳಿ ಕುಳಿತು ಕೇಳಿ: "ಅಜ್ಜಿ, ಇದರಲ್ಲಿ ಏನೇನು ಬಿಟ್ಟುಹೋಗಿದೆ?" ಆಕೆ ಹೇಳಿದ್ದನ್ನು ಬರೆದುಕೊಳ್ಳಿ. ತಾರೀಖು ಹಾಕಿ, ಜೋಪಾನವಾಗಿ ಇಡಿ.